ಕೋಮಲಾ ಹತ್ತದೆ ಹೋದ ಬೆಟ್ಟ

ಮೂಕಂಡಪಲ್ಲಿಯಲ್ಲಿ ಭಾನುವಾರ ಬಂತೆಂದರೆ ಮನೆಮನೆಯಿಂದಲೂ ಮಸಾಲೆ ಅರೆಯುವ ಸದ್ದು, ಹತ್ತು ಗಂಟೆಯ ಹೊತ್ತಿಗೆ ಬಾಡು ಬೇಯುವ ವಾಸನೆ. ವಾರವೆಲ್ಲ ಶಿಫ್ಟಿನಲ್ಲಿ ದುಡಿಯುವ ಜನ. ಆ ಒಂದು ದಿನ ಮನೆಯವರೆಲ್ಲ ಸಾಲಾಗಿ ಕೂತು ಮುದ್ದೆ ಮುರಿಯದಿದ್ದರೆ ಅವರಿಗೆ ವಾರ ಮುಗಿದ ಹಾಗೇ ಆಗುವುದಿಲ್ಲ. ಅಂಥ ಕೇರಿಯಲ್ಲಿ ಭೈರೇಶನ ಮನೆಯೊಂದರಲ್ಲಿ ಮಾತ್ರ ಐದು ತಿಂಗಳು ಭಾನುವಾರ ಬಾಡು ಬೇಯಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಕೂಡ ಒಲೆಯ ಹತ್ತಿರ ಸುಳಿಯಲಿಲ್ಲ. ಸೊಸೆ ಕೋಮಲಾ ಹೊಸೂರು ಬೆಟ್ಟದ ಈಶ್ವರನಿಗೆ ಹರಕೆ ಹೊತ್ತಿದ್ದಾಳೆ, ಇಪ್ಪತ್ತೊಂದು ಭಾನುವಾರ ಬೆಟ್ಟ ಹತ್ತುತ್ತಾಳೆ ಎಂದು ಅತ್ತೆ ಸಾಕಮ್ಮ ಇಡೀ ಮನೆಯನ್ನೇ ಮಡಿಗೆ ತಂದಿದ್ದರು.

ಕೋಮಲಾ ಬೆಟ್ಟ ಹತ್ತಿರಲಿಲ್ಲ. ಒಂದು ಭಾನುವಾರವೂ ಹತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವಳು ರಾಯಕೋಟೆ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದಳು.

ಅವಳಿಗೆ ಆಗ ನಲವತ್ತೇಳು ವರ್ಷ. ಹುಟ್ಟಿದ್ದು ಗುಮ್ಮಳಾಪುರದಲ್ಲಿ. ಚಿಕ್ಕವಳಿದ್ದಾಗ ಅಪ್ಪನ ದೊಡ್ಡ ಸೈಕಲ್ಲಿನ ಬಾರಿನ ಒಳಗೆ ಕಾಲು ತೂರಿಸಿ, ಅರ್ಧರ್ಧ ಪೆಡಲು ತುಳಿದುಕೊಂಡು ಡೈರಿಗೆ ಹಾಲು ಹಾಕಿ ಬರುತ್ತಿದ್ದಳು. ಮೈನೆರೆದ ವಾರವೇ ಆ ಸೈಕಲ್ಲು ತಮ್ಮನ ಪಾಲಾಯಿತು. ಆಮೇಲೆ ಮಾಲೂರು ಕಡೆಯ ಭೈರೇಶನ ಜೊತೆ ಮದುವೆ, ಅವನ ಕೆಲಸದ ಹಿಂದೆ ಮೂಕಂಡಪಲ್ಲಿಯ ಬಾಡಿಗೆ ಮನೆ, ಒಬ್ಬಳೇ ಮಗಳು ಶ್ರೀವಿದ್ಯಾ. ಭೈರೇಶ ಒಂದು ಕಾರ್ಖಾನೆಯಲ್ಲಿ ಸಾಮಾನು ಎತ್ತಿ ಇಳಿಸುವ ಗಾಡಿ ಓಡಿಸುತ್ತಿದ್ದ. ಕೋಮಲಾ ಇನ್ನೊಂದು ಕಾರ್ಖಾನೆಯಲ್ಲಿ ತಪಾಸಣೆಯ ಮೇಜಿನ ಮುಂದೆ ಕೂರುತ್ತಿದ್ದಳು. ಮೇಜಿಗೆ ಬಂದ ಕಬ್ಬಿಣದ ತುಂಡನ್ನು ಗೇಜಿನಲ್ಲಿ ಅಳೆದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಡಬ್ಬಕ್ಕೆ ಹಾಕುವುದು ಅವಳ ಕೆಲಸ. ಹದಿನೆಂಟು ವರ್ಷದಲ್ಲಿ ಅವಳ ಕಣ್ಣು ತಪ್ಪಿಸಿ ಒಂದು ಕೆಟ್ಟ ತುಂಡು ಆಚೆ ಹೋಗಿಲ್ಲವೆಂದು ಮೇಲಿನವರು ಹೊಸಬರಿಗೆ ಹೇಳುತ್ತಿದ್ದರು.

ಆ ವರ್ಷ ಕಂಪನಿಯ ಆಟೋಟದ ದಿನ ಹೆಂಗಸರಿಗೆಂದು ಒಂದು ಸೈಕಲ್ ಓಟ ಇಟ್ಟಿದ್ದರು. ಕಾಂಪೌಂಡಿನ ಸುತ್ತ ಐದು ಸುತ್ತು. ಹೆಸರು ಕೊಟ್ಟವರೆಲ್ಲ ಇಪ್ಪತ್ತರ ಹುಡುಗಿಯರು. ಮೇಜಿನ ಪಕ್ಕದವರು ಕೋಮಲಾಳ ಹೆಸರನ್ನೂ ತಮಾಷೆಗೆ ಬರೆಸಿಬಿಟ್ಟರು. ಶ್ರೀವಿದ್ಯಾಗೆ ಸ್ಕೂಲಿನಲ್ಲಿ ಸರ್ಕಾರ ಕೊಟ್ಟಿದ್ದ ಸೈಕಲ್ಲು ಮನೆಯಲ್ಲಿ ಇನ್ನೂ ಇತ್ತು. ಅದಕ್ಕೆ ಗಾಳಿ ಹೊಡೆಸಿಕೊಂಡು, ಚೂಡಿದಾರದ ವೇಲನ್ನು ನಡುವಿಗೆ ಬಿಗಿದು ಬಂದಳು. ಎರಡನೇ ಸುತ್ತಿಗೆ ನಗುತ್ತಿದ್ದವರ ಬಾಯಿ ಮುಚ್ಚಿತು. ಐದನೇ ಸುತ್ತು ಮುಗಿಸಿ ಅವಳು ಇಳಿದು ನಿಂತಾಗ ಹುಡುಗಿಯರು ಇನ್ನೂ ಗೇಟಿನ ತಿರುವಿನಲ್ಲಿದ್ದರು.

ಅವತ್ತು ಸೀಟಿ ಊದಲು ಬಂದಿದ್ದವರು ಲಕ್ಷ್ಮೀಪ್ರಿಯಾ ಟೀಚರ್. ಹೊಸೂರಿನಲ್ಲೇ ಮೂರು ತಲೆಮಾರಿನಿಂದ ಇರುವ ಮನೆತನ, ಸ್ಕೂಲಿನಲ್ಲಿ ಆಟದ ಟೀಚರು. ಬೆಟ್ಟದ ಕೆಳಗಿನ ಬೀದಿಯಲ್ಲಿ ಮನೆ.

“ಅಕ್ಕಾ, ನಿಮ್ಗೆ ವಯಸ್ಸೆಷ್ಟು?” ಎಂದು ಕೇಳಿದರು.

“ನಲವತ್ತೇಳು ಮೇಡಂ.”

“ಐಯೋ ಸಾಮಿ! ನಮ್ಮ ಹೈಸ್ಕೂಲ್ ಹುಡುಗೀರಿಗೆ ನಿಮ್ಮ ಕಾಲು ತೆಗೆದು ಜೋಡಿಸ್ಬೇಕು. ಭಾನುವಾರ ನಮ್ಮ ಮನೆ ಹತ್ರ ಬನ್ನಿ. ನನ್ನ ಹಳೇ ರೇಸ್ ಸೈಕಲ್ ಒಂದು ಸುಮ್ನೆ ನಿಂತಿದೆ. ನಾವು ನಾಲ್ಕು ಜನ ರಾಯಕೋಟೆ ತನಕ ಹೋಗಿ ಬರ್ತೀವಿ. ಜನವರೀಲಿ ಜಿಲ್ಲೆ ಪಂದ್ಯ ಇದೆ ಅಕ್ಕಾ. ನಲವತ್ತು ದಾಟಿದ ಹೆಂಗಸರಿಗೇ ಬೇರೆ. ಸೇರೋರೇ ಸಿಕ್ಕಲ್ಲ.”

ಮನೆಯಲ್ಲಿ ಕೇಳಿಯೇ ಹೋಗಬೇಕು ಎಂದುಕೊಂಡಿದ್ದಳು ಕೋಮಲಾ. ಶನಿವಾರ ಸಂಜೆ ಬಾಯಿ ತೆಗೆಯುವಷ್ಟರಲ್ಲಿ ಟಿವಿಯಲ್ಲಿ ಯಾರೋ ವಯಸ್ಸಾದ ಹೆಂಗಸು ಚಡ್ಡಿ ಹಾಕಿಕೊಂಡು ಓಡುತ್ತಿದ್ದಳು. “ನೋಡೇ, ಮೊಮ್ಮಕ್ಕಳನ್ನ ಸೊಂಟದ ಮ್ಯಾಲೆ ಕೂರಿಸ್ಕೊಳ್ಳೋ ವಯಸ್ನಲ್ಲಿ ಇವ್ಳಿಗೇನು ಬಂತು ಕೇಡು,” ಎಂದು ಭೈರೇಶ ನಕ್ಕ. ಅವನೇನೂ ಇವಳನ್ನು ನೆನೆದು ಆಡಿದ ಮಾತಲ್ಲ. ಆದರೂ ಅವಳು ಎದ್ದು ಅಡುಗೆಮನೆಗೆ ಹೋದಳು. ಕೇಳಿದ್ದರೆ ಬೇಡ ಎನ್ನುತ್ತಿದ್ದನೋ, ಹೋಗು ಎನ್ನುತ್ತಿದ್ದನೋ ಯಾರಿಗೆ ಗೊತ್ತು? ಅವಳು ಕೇಳಲೇ ಇಲ್ಲ. ಮುಂದೆ ಎಷ್ಟೋ ದಿನ ಅವಳನ್ನು ಚುಚ್ಚಿದ್ದು ಇದೇ. ಯಾರೂ ತಡೆದಿರಲಿಲ್ಲ.

ಭಾನುವಾರ ನಸುಕಿಗೆ ಸ್ನಾನ ಮಾಡಿ, ಸೀರೆ ಉಟ್ಟು, ಚೀಲದಲ್ಲಿ ಚೂಡಿದಾರ ತುರುಕಿಕೊಂಡು ಹೊರಟಳು. ಬಾಗಿಲಲ್ಲಿ ಸಾಕಮ್ಮ ನೀರು ಚಿಮುಕಿಸಿ ರಂಗೋಲಿ ಹಾಕುತ್ತಿದ್ದರು.

“ಎಲ್ಲಿಗ್ ಹೊಂಟೆ ಇಷ್ಟೊತ್ಗೇ?”

“ಬೆಟ್ಟಕ್ಕೆ ಅತ್ತೆ.” ಟೀಚರ ಮನೆ ಬೆಟ್ಟದ ಕೆಳಗೇ ತಾನೆ ಎಂಬ ಸಣ್ಣ ಸಮಾಧಾನ ಅವಳಿಗಿತ್ತು.

ಸಾಕಮ್ಮ ತಲೆಯೆತ್ತಿ ಸೊಸೆಯ ಒದ್ದೆ ಕೂದಲು ನೋಡಿದರು. “ಹರಕೆ ಏನಾದ್ರೂ ಹೊತ್ಕಂಡಿದ್ದೀಯೇನೆ? ಶ್ರೀವಿದ್ಯಾಗಾ?”

ಶ್ರೀವಿದ್ಯಾ ಮದುವೆಯಾಗಿ ಮಾಲೂರಿಗೆ ಹೋಗಿ ನಾಲ್ಕು ವರ್ಷ. ಒಮ್ಮೆ ಬಸಿರು ನಿಂತದ್ದು ಮೂರನೇ ತಿಂಗಳಿಗೆ ಇಳಿದುಹೋಗಿತ್ತು. ಆಮೇಲೆ ಇಲ್ಲ. ಮಗಳ ಹೆಸರನ್ನು ಕೋಮಲಾ ಎತ್ತಿರಲಿಲ್ಲ, ಎತ್ತಿದ್ದು ಅತ್ತೆ. ಅವಳು ತಲೆ ಆಡಿಸಿದಳು, ಅಷ್ಟೇ.

“ಎಷ್ಟು ವಾರ?”

ಪಂದ್ಯಕ್ಕೆ ಉಳಿದ ಭಾನುವಾರಗಳನ್ನು ಅವಳು ರಾತ್ರಿಯೇ ಕ್ಯಾಲೆಂಡರಿನಲ್ಲಿ ಎಣಿಸಿದ್ದಳು. ಅದೇ ಬಾಯಿಗೆ ಬಂತು. “ಇಪ್ಪತ್ತೊಂದು.”

“ಈಶ್ವರನಿಗೆ ಸೋಮವಾರ ಅಲ್ವೇನೆ?”

“ಸೋಮವಾರ ಡ್ಯೂಟಿ ಅತ್ತೆ.”

“ಸರಿ ಬುಡು. ಈ ಊರಲ್ಲಿ ದೇವ್ರೂ ಶಿಫ್ಟ್ ನೋಡ್ಕಂಡೇ ಕಣ್ ಬುಡ್ಬೇಕು,” ಎಂದು ಸಾಕಮ್ಮ ನಕ್ಕು, ರಂಗೋಲಿಯ ಕೈಯಲ್ಲೇ ಸೊಸೆಗೆ ದಾರಿ ಬಿಟ್ಟರು.

ಅವತ್ತು ಅವಳು ಕೆಲಮಂಗಲ ದಾಟಿ ಹೋದಳು. ಮಗಳ ಸ್ಕೂಲಿನ ಸೈಕಲ್ಲಿಗೂ ಟೀಚರು ಕೊಟ್ಟ ರೇಸ್ ಸೈಕಲ್ಲಿಗೂ ಎತ್ತಿಗೂ ಕುದುರೆಗೂ ಇರುವಷ್ಟು ಅಂತರ. ಎರಡೂ ಕಡೆ ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಚಪ್ಪರಗಳು, ಎಲೆಕೋಸಿನ ಹೊಲ, ಟೊಮೇಟೊ ಗೂಟ. ಇಳಿಜಾರಿನಲ್ಲಿ ಗಾಳಿ ಕಿವಿಯಲ್ಲಿ ಊಳಿಟ್ಟಿತು. ಆ ಎರಡು ಗಂಟೆ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ, ಅವಳ ಮುಂದೆ ಅಳೆಯಬೇಕಾದ ತುಂಡು ಯಾವುದೂ ಇರಲಿಲ್ಲ. ಕೆಲಮಂಗಲದ ಗೂಡಂಗಡಿಯಲ್ಲಿ ಎಲ್ಲರೂ ಮೆಣಸು ಉದುರಿಸಿದ ಬೇಯಿಸಿದ ಮೊಟ್ಟೆ ತಿಂದರು. ಅವಳೂ ಎರಡು ತಿಂದಳು.

ಒಂಬತ್ತೂವರೆಗೆ ಮತ್ತೆ ಸೀರೆಯಲ್ಲಿ ಮನೆಗೆ ಬಂದರೆ ಸಾಕಮ್ಮ ಜಗುಲಿಯ ಮೇಲೆ ಬಾಡಿದ ಮುಖದಲ್ಲಿ ಕೂತಿದ್ದರು. ಏಳುತ್ತಿದ್ದ ಹಾಗೆ ಲೋಟದ ತುಂಬ ಕಾಫಿ ಬೇಕು ಆ ಮುದುಕಿಗೆ. ಅವತ್ತು ಒಲೆಯೇ ಹಚ್ಚಿರಲಿಲ್ಲ.

“ಯಾಕತ್ತೆ, ಕಾಪಿ ಕುಡೀಲಿಲ್ವಾ?”

“ನೀನು ಬರಿಹೊಟ್ಟೇಲಿ ಬೆಟ್ಟ ಹತ್ತಾ ಇದ್ರೆ ನಾನಿಲ್ಲಿ ಕಾಪಿ ಹೀರ್ಕಂಡು ಕೂತ್ಕಳಾ? ಒಬ್ರು ಹೊತ್ತ ಹರಕೆ ಮನೆಗೆಲ್ಲಾ ಕಣೆ. ನೀನು ಬಂದು ಇಬೂತಿ ಕೈಗಿಟ್ಟ ಮ್ಯಾಲೇ ನಾನು ಬಾಯಿಗೆ ನೀರು ಹುಯ್ಕಳಾದು. ಎಲ್ಲಿ, ಕೊಡು.”

ಕೋಮಲಾಳ ಬಾಯಲ್ಲಿ ಇನ್ನೂ ಮೆಣಸಿನ ಖಾರವಿತ್ತು. “ಇವತ್ತು ಜನ ಜಾಸ್ತಿ ಅತ್ತೆ. ಸಿಕ್ಲಿಲ್ಲ,” ಅಂದಳು. ಒಂದು ಸುಳ್ಳು ಸಾಕೆಂದುಕೊಂಡು ಹೊರಟವಳಿಗೆ ಅದು ಅವತ್ತಿನ ಎರಡನೆಯದು. ಮುಂದಿನ ವಾರದಿಂದ ಬೆಟ್ಟದ ಬುಡದ ಅಂಗಡಿಯಲ್ಲಿ ವಿಭೂತಿಯ ಪೊಟ್ಟಣ ಕೊಂಡು, ಟೀಚರ ಬಚ್ಚಲಿನ ಕನ್ನಡಿಯ ಮುಂದೆ ಹಣೆಗೆ ಹಚ್ಚಿಕೊಂಡು ಹೋಗತೊಡಗಿದಳು. ನಾಲ್ಕು ಗಂಟೆ ಯಾಕೆ ಹಿಡಿಯುತ್ತದೆ ಎಂಬ ಪ್ರಶ್ನೆಗೆ ಬೆಟ್ಟದ ಸುತ್ತ ಪ್ರದಕ್ಷಿಣೆ ಎಂಬ ಉತ್ತರವೂ ಸಿದ್ಧವಾಯಿತು.

ಭೈರೇಶ ಮೊದಲೆರಡು ವಾರ ಗೊಣಗಿದ. “ಅಮ್ಮಾ, ಹರಕೆ ಅವ್ಳದು. ಬಾಡು ನಂದು. ಎರಡಕ್ಕೂ ಯಾಕೆ ಗಂಟು ಹಾಕ್ತೀಯ?”

“ಏನ್ಲಾ, ಮಗ್ಳ ಹೊಟ್ಟೆ ತಣ್ಣಗಾಗ್ಲಿ ಅಂದ್ರೆ ನಿಂಗೆ ನಾಲ್ಗೆ ಚಿಂತೆ. ನಿನ್ನ ಹೆಂಡ್ತೀನ ನೋಡಿ ಕಲ್ತ್ಕಳ್ಳಾ. ಕಾಲು ನೋವು ಅಂತ ಒಂದಿನ ಬಾಯ್ಬುಟ್ಟವ್ಳಾ?”

ಮೂರನೇ ವಾರದಿಂದ ಅವನೂ ಸುಮ್ಮನಾದ. ಭಾನುವಾರದ ಬಿಯರನ್ನೂ ತಾನಾಗಿಯೇ ಬಿಟ್ಟ. ಯಾರೂ ಹೇಳಿರಲಿಲ್ಲ. ರಾತ್ರಿ ಅವಳ ಅಂಗಾಲಿನ ಬೊಬ್ಬೆ ನೋಡಿ, “ಮೆಟ್ಲು ಬರಿಗಾಲಲ್ಲಿ ಹತ್ಬೇಡ ಕಣೆ,” ಎಂದು ಮುಲಾಮು ತಂದುಕೊಟ್ಟ. ಅದು ಪೆಡಲು ತುಳಿದು ಬೊಬ್ಬೆ ಎದ್ದ ಕಾಲು. ಅವನು ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಒಂಬತ್ತನೇ ವಾರ, ದೀಪಾವಳಿಯ ಆಸುಪಾಸಿನಲ್ಲಿ, ಮಾಲೂರಿನಿಂದ ಫೋನು ಬಂತು. ಶ್ರೀವಿದ್ಯಾಗೆ ನಿಂತಿದೆ. ಸಾಕಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅತ್ತರು. ಕೆಳಗಿಟ್ಟವರೇ ಸೊಸೆಯ ಕಾಲಿಗೆ ಬಗ್ಗಿದರು. ಕೋಮಲಾ ಗಾಬರಿಯಾಗಿ ಹಿಂದಕ್ಕೆ ನೆಗೆದಳು.

“ಅತ್ತೆ! ಏನ್ ಮಾಡ್ತಿದ್ದೀರಾ ನೀವು!”

“ನಿನ್ ಕಾಲಿಗಲ್ಲ ಕಣೆ. ಬೆಟ್ಟ ಹತ್ತಿದ ಕಾಲಿಗೆ.”

ಆ ಮಾತು ಸಂಜೆಯೊಳಗೆ ಕೇರಿಯೆಲ್ಲ ಸುತ್ತಿತು. ಪಕ್ಕದ ಮನೆಯ ಮುನಿರತ್ನಮ್ಮ ಬಂದು ಸೆರಗೊಡ್ಡಿ ನಿಂತಳು. ಅವಳ ಮಗನಿಗೆ ಎರಡು ವರ್ಷದಿಂದ ಮೂರ್ಛೆ ರೋಗ. “ಅಕ್ಕಾ, ಭಾನುವಾರ ನಿನ್ ಕೈಯಾರೆ ನಮ್ಮ ಹುಡುಗನ ಹೆಸರಲ್ಲೂ ಒಂದು ಚಿಟಿಕೆ ಇಬೂತಿ ತಂದುಕೊಡು. ನಿಂಗೆ ಆ ಸಾಮಿ ಒಲ್ದವ್ನೆ.” ಕೋಮಲಾ ಇಲ್ಲವೆನ್ನಲಿಲ್ಲ. ಆ ಭಾನುವಾರ ಅಂಗಡಿಯಲ್ಲಿ ಎರಡು ಪೊಟ್ಟಣ ಕೊಂಡಳು. ಮುನಿರತ್ನಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಮಗನ ನೆತ್ತಿಗೆ ಹಚ್ಚುವುದನ್ನು ನಿಂತು ನೋಡುವುದಾಗಲಿಲ್ಲ. ಒಲೆಯ ಮೇಲೆ ಹಾಲು ಇಟ್ಟಿದ್ದೀನಿ ಎಂದು ಒಳಗೆ ಬಂದುಬಿಟ್ಟಳು.

ಕೇಳುವವರಿಗೆ ಅನ್ನಿಸಬಹುದು, ಬೆಟ್ಟ ಅಲ್ಲೇ ತಾನೆ ಇತ್ತು, ಹತ್ತಿ ಇಳಿದು ಬಂದುಬಿಟ್ಟಿದ್ದರೆ ಆಗುತ್ತಿರಲಿಲ್ಲವೆ ಎಂದು. ಅವಳಿಗೂ ಪ್ರತಿ ಶನಿವಾರ ಹಾಗೇ ಅನ್ನಿಸುತ್ತಿತ್ತು. ಅರ್ಧ ಗಂಟೆಯ ಕೆಲಸ. ಭಾನುವಾರ ಬೆಳಗಾದರೆ ಆ ಅರ್ಧ ಗಂಟೆಯನ್ನೂ ಕಾಲು ಸೈಕಲ್ಲಿಗೇ ಕೊಡುತ್ತಿತ್ತು. ಟೀಚರು ದಾರಿಯನ್ನು ವಾರವಾರವೂ ಉದ್ದ ಮಾಡುತ್ತಿದ್ದರು. ಅವಳು ವಾರವಾರವೂ ಹಿಂದಿನವರನ್ನು ಇನ್ನಷ್ಟು ದೂರ ಬಿಡುತ್ತಿದ್ದಳು. ಆ ರುಚಿ ಹತ್ತಿದ ಮೇಲೆ ದೇವರಿಗೆ ಕೊಡಬೇಕಾದ ಹೊತ್ತನ್ನೂ ತಿನ್ನುವ ಧೈರ್ಯ ಬಂದುಬಿಟ್ಟಿತ್ತು ಅವಳಿಗೆ.

ಹದಿನೈದನೇ ವಾರ. ಕೆಲಮಂಗಲದ ಅದೇ ಗೂಡಂಗಡಿಯ ಮುಂದೆ, ಮೊಟ್ಟೆ ಸುಲಿದು ಒಂದು ತುತ್ತು ಕಚ್ಚಿದ್ದಾಗ ಫೋನು ಬಡಿದುಕೊಂಡಿತು. ಶ್ರೀವಿದ್ಯಾ.

“ಅಮ್ಮಾ, ಬೆಟ್ಟದ ಮ್ಯಾಲೆ ಇದ್ದೀಯಾ?”

“…ಏನಮ್ಮ? ಏನಾಯ್ತು?”

“ಬೆಳಗ್ಗೆಯಿಂದ ಸ್ವಲ್ಪ ರಕ್ತ ಕಾಣಿಸ್ತಾ ಐತೆ. ಆಸ್ಪತ್ರೆಗೆ ಹೋಗ್ತಾ ಇದ್ದೀವಿ. ಅಮ್ಮಾ, ನೀನು ದೇವ್ರ ಮುಂದೇನೇ ಇದ್ದೀಯಲ್ಲ, ಕೇಳ್ಕೋ ಅಮ್ಮಾ. ಇದೊಂದು ಉಳೀಲಿ ಅಂತ ಕೇಳ್ಕೋ.”

ಬಾಯಲ್ಲಿದ್ದದ್ದನ್ನು ಅವಳು ಉಗುಳಿದಳು. ಟೀಚರು ಏನಾಯಿತು ಎಂದು ಕೇಳುವುದರೊಳಗೆ ಸೈಕಲ್ ತಿರುಗಿಸಿದ್ದಳು. ಆ ದಿನ ಕೆಲಮಂಗಲದಿಂದ ಹೊಸೂರಿಗೆ ಬಂದಷ್ಟು ಜೋರಾಗಿ ಅವಳು ಹಿಂದೆಂದೂ ತುಳಿದಿರಲಿಲ್ಲ. ಸೈಕಲ್ಲನ್ನು ಟೀಚರ ಗೇಟಿಗೆ ಒರಗಿಸಿ, ಸೈಕಲ್ ತುಳಿಯಲೆಂದು ಟೀಚರು ಕೊಟ್ಟಿದ್ದ ಬಿಗಿ ಬಟ್ಟೆಯಲ್ಲೇ ಬೆಟ್ಟದ ಬುಡಕ್ಕೆ ಓಡಿದಳು. ಮೊದಲ ಮೆಟ್ಟಿಲಿಗೆ ಕಾಲಿಡಬೇಕು. ಆಗ ನೆನಪಾಯಿತು, ಹೊಟ್ಟೆಯಲ್ಲಿ ಆಗಲೇ ಒಂದು ಮೊಟ್ಟೆ ಇತ್ತು. ಸುಲಿದದ್ದು ಎರಡನೆಯದು. ಮೊಟ್ಟೆ ತಿಂದ ಮೈಯಲ್ಲಿ ಹರಕೆಯ ಬೆಟ್ಟ ಹತ್ತುವುದುಂಟೆ? ಇಷ್ಟು ದಿನ ಮಾಡಿದ್ದರ ಮೇಲೆ ಇದೊಂದು ಬೇರೆಯೆ? ಎತ್ತಿದ ಕಾಲನ್ನು ಹಾಗೇ ಕೆಳಗಿಟ್ಟಳು. ಮೇಲಿನಿಂದ ಗಂಟೆಯ ಸದ್ದು ಬಂತು. ಕೈ ಮುಗಿಯುವುದಕ್ಕೂ ಅವಳಿಗೆ ಮನಸ್ಸು ಬರಲಿಲ್ಲ. ಹೂ ಮಾರುವ ಹೆಂಗಸರು ಅವಳ ಬಟ್ಟೆಯನ್ನು ನೋಡಿ ಒಬ್ಬರನ್ನೊಬ್ಬರು ತಿವಿದುಕೊಂಡರು.

ಮಧ್ಯಾಹ್ನಕ್ಕೆ ಅಳಿಯನ ಫೋನು ಬಂತು. ಮಗು ಗಟ್ಟಿಯಾಗಿದೆ, ಎರಡು ವಾರ ಮಲಗಿರಬೇಕು ಎಂದಿದ್ದಾರೆ. ಸಾಕಮ್ಮ ದೇವರ ಮೂಲೆಗೆ ಅಡ್ಡಬಿದ್ದರು. “ನಿಮ್ಮಮ್ಮ ಅದೇ ಹೊತ್ನಲ್ಲಿ ಬೆಟ್ಟದ ಮ್ಯಾಲಿದ್ದಳು ಕಣಮ್ಮ, ಅದಕ್ಕೇ ಉಳೀತು,” ಎಂದು ಮೊಮ್ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದರು. ಕೋಮಲಾ ಹಿತ್ತಲಿಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು.

ಮರುದಿನ ಡ್ಯೂಟಿ ಮುಗಿಸಿ ಟೀಚರ ಮನೆಗೆ ಹೋಗಿ, ಇನ್ನು ಬರುವುದಿಲ್ಲ ಎಂದು ಎಲ್ಲವನ್ನೂ ಹೇಳಿದಳು. ಲಕ್ಷ್ಮೀಪ್ರಿಯಾ ಟೀಚರ್ ಬಾಯಿ ತೆರೆದುಕೊಂಡು ಕೇಳಿದರು.

“ಅಂದ್ರೆ ನಮ್ಮ ಬಚ್ಚಲಲ್ಲಿ ನಿಂತು ವಿಭೂತಿ ಹಚ್ಕೊಂಡು ಹೋಗ್ತಾ ಇದ್ರಾ? ನಾನು ಏನೋ ಭಕ್ತಿ ಅಂದ್ಕೊಂಡೆ ಅಕ್ಕಾ! ಎಂಥಾ ವೇಲೈ, ಎಂಥಾ ಕೆಲಸ ಇದು? ಒಂದು ಮಾತು ಹೇಳಿದ್ರೆ ನಾನೇ ನಿಮ್ಮ ಮನೆಗೆ ಬಂದು ನಿಮ್ಮ ಅತ್ತೆ ಹತ್ರ ಕೇಳ್ತಿದ್ದೆ. ಈಗ ನಾನೂ ಆ ಅಜ್ಜಿಗೆ ಮೋಸ ಮಾಡಿದ ಹಾಗಾಯ್ತಲ್ಲ.”

ಆಮೇಲೆ ಟೀಚರೇ ಅಂದರು, “ಸೈಕಲ್ ಬಿಟ್ರೆ ಸುಳ್ಳು ಸರಿಹೋಗುತ್ತಾ? ಅದು ಬೇರೆ, ಇದು ಬೇರೆ. ಬರೋದೂ ಬಿಡೋದೂ ನಿಮ್ಮಿಷ್ಟ. ಆದ್ರೆ ಮನೇಲಿ ಹೇಳಿ.”

ಅವಳು ಮುಂದಿನ ಭಾನುವಾರವೂ ಹೋದಳು. ಮೊಟ್ಟೆ ಬಿಟ್ಟಳು, ಅಷ್ಟೇ. ಹೇಳಲಿಲ್ಲ.

ಸಂಕ್ರಾಂತಿ ಹತ್ತಿರ ಬಂತು. ಇಪ್ಪತ್ತೊಂದನೇ ಭಾನುವಾರಕ್ಕೆ ಸಾಕಮ್ಮ ತಾವೇ ಏರ್ಪಾಟು ಮಾಡತೊಡಗಿದರು. ಶ್ರೀವಿದ್ಯಾಗೆ ಐದನೇ ತಿಂಗಳು, ಡಾಕ್ಟರು ಓಡಾಡಬಹುದು ಎಂದಿದ್ದಾರೆ, ಶನಿವಾರ ಸಂಜೆ ಬರುತ್ತಾಳೆ. ಅವಳು ಆಟೋದಲ್ಲಿ ರಸ್ತೆಯ ಕಡೆಯಿಂದ ಮೇಲೆ ಹೋಗಲಿ, ಉಳಿದವರು ಮೆಟ್ಟಿಲು ಹತ್ತುವುದು, ಅಭಿಷೇಕ ಮಾಡಿಸಿ ಹರಕೆ ಒಪ್ಪಿಸುವುದು. “ನಾನೂ ನಿನ್ನ ಜೊತೇಲೇ ಮೆಟ್ಲು ಹತ್ತೀನಿ ಕಣೆ. ಇಪ್ಪತ್ತು ವಾರ ನೀನೊಬ್ಳೇ ಹತ್ತಿದ್ದೀಯ. ಕೊನೇದು ನಿನ್ನ ಹಿಂದೆ ನಾನು ಬತ್ತೀನಿ.” ಸಾಕಮ್ಮನಿಗೆ ಎಪ್ಪತ್ತನಾಲ್ಕು. ಎರಡೂ ಮಂಡಿ ಸವೆದಿದ್ದವು.

ಅದೇ ಭಾನುವಾರ ಬೆಳಗ್ಗೆ ಏಳಕ್ಕೆ ಪಂದ್ಯ. ಕೃಷ್ಣಗಿರಿಯ ಆಚೆಯಿಂದ ಹೊರಟು ರಾಯಕೋಟೆಯ ಕೋಟೆ ಗುಡ್ಡದ ಬುಡದವರೆಗೆ.

ಶನಿವಾರ ಮಧ್ಯಾಹ್ನ ಅತ್ತೆ ಸೊಸೆ ಬಾಗಿಲ ಬಳಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಮಗಳು ಬರುವಷ್ಟರಲ್ಲಿ ಹಿತಕಿದ ಬೇಳೆ ಸಾರು ಆಗಬೇಕು. ಭೈರೇಶ ಬಸ್ ಸ್ಟ್ಯಾಂಡಿಗೆ ಹೋಗಿದ್ದ. ಸಾಕಮ್ಮ ಕಾಳನ್ನು ಬೆರಳ ತುದಿಯಲ್ಲಿ ಒತ್ತಿ, ಬೇಳೆ ಚಿಮ್ಮಿದ ಹಾಗೆಲ್ಲ ಬಾಲ್ಯದ ಯಾವುದೋ ಕತೆ ಹೇಳುತ್ತಿದ್ದರು. ಕೋಮಲಾಗೆ ಒಂದು ಅಕ್ಷರವೂ ಕಿವಿಗೆ ಬೀಳುತ್ತಿರಲಿಲ್ಲ. ಆ ಮಂಡಿಯಲ್ಲಿ ನಾಳೆ ಈ ಹೆಂಗಸು ಮೆಟ್ಟಿಲು ಹತ್ತುತ್ತಾಳೆ, ನನ್ನ ಹಿಂದೆ, ನಾನು ಹತ್ತಿದ್ದೇನೆ ಎಂದು ನಂಬಿಕೊಂಡು. ಅಷ್ಟೇ ತಲೆಯಲ್ಲಿ.

“ಅತ್ತೆ, ನಾನು ಬೆಟ್ಟ ಹತ್ತಿಲ್ಲ,” ಅಂದುಬಿಟ್ಟಳು.

“ಯಾವಾಗ? ಹೋದ ವಾರವಾ?”

“ಒಂದು ವಾರಾನೂ ಇಲ್ಲ.”

ಸಾಕಮ್ಮನ ಬೆರಳು ನಿಲ್ಲಲಿಲ್ಲ. ಇನ್ನೂ ನಾಲ್ಕೈದು ಕಾಳು ಹಿತುಕಿದರು. ಕೋಮಲಾ ಟೀಚರು, ಸೈಕಲ್ಲು, ರಾಯಕೋಟೆ ರಸ್ತೆ, ಅಂಗಡಿಯ ಪೊಟ್ಟಣ, ಮೊಟ್ಟೆ, ಎಲ್ಲವನ್ನೂ ಹೇಳಿದಳು. ಕೊನೆಗೆ ನಾಳೆಯ ಪಂದ್ಯವನ್ನೂ ಹೇಳಿದಳು. ಹೇಳುತ್ತ ಹೋದಂತೆ ಅವಳಿಗೆ ಹಗುರಾಗಲಿಲ್ಲ, ಒಂದೊಂದು ಮಾತೂ ಅತ್ತೆಯ ಮೇಲೆ ಹೊರಿಸಿದ ಹಾಗಾಯಿತು.

“ಮೊಟ್ಟೆ ತಿಂದಿದ್ದೆ ಅಂತ ಬೆಟ್ಟ ಹತ್ಲಿಲ್ವಾ ಅವತ್ತು?” ಎಂದು ಸಾಕಮ್ಮ ಕೇಳಿದರು.

“ಹೂಂ.”

“ಅಷ್ಟಾದ್ರೂ ಭಯ ಐತಲ್ಲ.” ಬೇಳೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ನಾನು ಅಂಗಡಿ ಬೂದಿಗೆ ಕಾದ್ಕಂಡು ಕೂತಿದ್ನಾ, ಇಪ್ಪತ್ತು ವಾರ?”

ಕೋಮಲಾ ಕೆಳಗೆ ಬಿದ್ದ ಸಿಪ್ಪೆ ಆಯತೊಡಗಿದಳು.

“ಆ ಮುನಿರತ್ನಮ್ಮನ ಮಗನಿಗೂ ಅದೇನಾ?”

“ಅದೇ ಅತ್ತೆ.”

“ಥೂ.” ಸಾಕಮ್ಮ ಗೋಡೆಗೆ ಒರಗಿದರು. “ಸೈಕಲ್ ತುಳೀತೀನಿ ಅಂದಿದ್ರೆ ನಾನೇನು ನಿನ್ನ ಕಾಲು ಮುರೀತಿದ್ನಾ? ನಾನು ಮಾಲೂರು ಸಂತೆಗೆ ತಲೆ ಮ್ಯಾಲೆ ಕುಕ್ಕೆ ಹೊತ್ಕಂಡು ನಡೆದೋಳು. ಗಾಲಿ ಮ್ಯಾಲೆ ಹೋಗೋ ಆಸೆ ನಂಗೇನು ಗೊತ್ತಿಲ್ವಾ? ದೇವ್ರನ್ಯಾಕೆ ಎಳ್ಕಂಡು ಬಂದೆ ಮಧ್ಯಕ್ಕೆ? ನನ್ನ ಮೊಮ್ಮಗಳ ಬಸಿರನ್ಯಾಕೆ ಎಳ್ಕಂಡು ಬಂದೆ?”

“ತಪ್ಪಾಯ್ತು ಅತ್ತೆ. ನಾಳೆ ಪಂದ್ಯಕ್ಕೆ ಹೋಗಲ್ಲ. ನಿಮ್ಮ ಜೊತೆ ಹತ್ತೀನಿ. ಎಲ್ರಿಗೂ ಹೇಳ್ತೀನಿ.”

“ಯಾರಿಗೂ ಹೇಳ್ಬೇಡ!” ಸಾಕಮ್ಮನ ದನಿ ಒಡೆಯಿತು. “ಆ ಹುಡುಗಿ ಏನಂತ ಜೀವ ಹಿಡ್ಕಂಡವ್ಳೆ ಗೊತ್ತಾ? ನಮ್ಮಮ್ಮ ಬೆಟ್ಟ ಹತ್ತಾವ್ಳೆ ಅಂತ. ಈಗ ಇಲ್ಲ ಅಂದ್ರೆ ಆ ಹೆದ್ರಿಕೇಲೇ ಏನಾದ್ರೂ ಆಗ್ಬುಟ್ರೆ? ಹೆರೋ ತನಕ ನಿನ್ನ ಬಾಯಿಂದ ಒಂದು ಮಾತು ಬರ್ಬಾರ್ದು. ನೀನು ನಾಳೆ ಬೆಟ್ಟಕ್ಕೂ ಬರ್ಬೇಡ. ಸುಳ್ಳು ಮಡ್ಲಲ್ಲಿ ಇಟ್ಕಂಡು ಕೊನೇ ವಾರದ ಮೆಟ್ಲು ತುಳೀಬೇಡ. ಆ ಸೈಕಲ್ಲಿಗೇ ಹೋಗು. ಕಂಪನಿಯಿಂದ ಕರೆ ಬಂತು, ಡ್ಯೂಟಿಗೆ ಹೋಗ್ಬುಟ್ಳು ಅಂತ ನಾನು ಹೇಳ್ಕಂತೀನಿ.”

“ಅತ್ತೆ, ನೀವು ಯಾಕೆ ಸುಳ್ಳು…”

“ನೀನು ಹೇಳ್ಸಿದ್ದೀಯ, ಹೇಳ್ತೀನಿ.” ಮತ್ತೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಕೈ ಆಡ್ಸು. ಹುಡುಗಿ ಬಂದ್ಬುಡ್ತಾಳೆ.”

ಭಾನುವಾರ ಕೃಷ್ಣಗಿರಿಯ ರಸ್ತೆಯಲ್ಲಿ ಮಂಜು ಬಿಚ್ಚಿರಲಿಲ್ಲ. ನಲವತ್ತು ದಾಟಿದವರು ಹನ್ನೊಂದು ಜನ. ಒಬ್ಬಳು ಪೊಲೀಸಿನವಳು, ಇಬ್ಬರು ಬ್ಯಾಂಕಿನವರು, ಒಬ್ಬರು ಡಾಕ್ಟರು. ಎಲ್ಲರ ಮನೆಯವರೂ ಬಂದಿದ್ದರು. ಒಬ್ಬಳ ಗಂಡ ಅವಳ ತಲೆಯ ಟೋಪಿಯ ಪಟ್ಟಿ ಬಿಗಿಯುತ್ತಿದ್ದ. ಕೋಮಲಾಳ ಹತ್ತಿರ ಟೀಚರೊಬ್ಬರೇ ನಿಂತಿದ್ದರು. “ಅಕ್ಕಾ, ಈಗ ಬೇರೇನೂ ಯೋಚನೆ ಬೇಡ,” ಅಂದರು. ಸೀಟಿ ಊದುವ ಹೊತ್ತಿಗೆ ಅವಳಿಗೆ ಅನ್ನಿಸಿದ್ದು ಒಂದೇ. ಅತ್ತೆ ಈಗ ಮೊದಲನೇ ಮೆಟ್ಟಿಲ ಮೇಲಿದ್ದಾರೆ.

ಮೊದಲರ್ಧ ಅವಳು ಹಿಂದೇ ಉಳಿದಳು. ಕಾಲಿನಲ್ಲಿ ಶಕ್ತಿಯಿತ್ತು, ಬಿಡಲು ಮನಸ್ಸಾಗಲಿಲ್ಲ. ಇಂಥ ದಿನ ಗೆಲ್ಲುವುದು ಕೂಡ ಒಂದು ಕಳ್ಳತನವೆನ್ನಿಸಿತು. ಮುಂದೆ ಏರು ಬಂತು. ಏರಿನಲ್ಲಿ ಎಲ್ಲರ ಬಾಯಿಗೂ ದೇವರು ಬರುತ್ತಾನೆ. ಪಕ್ಕದಲ್ಲಿ ತುಳಿಯುತ್ತಿದ್ದ ಬ್ಯಾಂಕಿನವಳು “ಮುರುಗಾ, ಮುರುಗಾ” ಎಂದು ಉಸಿರು ಬಿಡುತ್ತಿದ್ದಳು. ಕೋಮಲಾಗೆ ಯಾರನ್ನೂ ಕರೆಯುವ ಮುಖವಿರಲಿಲ್ಲ. ಬಾಯಿ ಬಿಗಿಹಿಡಿದು ತುಳಿದಳು. ಬ್ಯಾಂಕಿನವಳು ಹಿಂದೆ ಬಿದ್ದಳು, ಇನ್ನೊಬ್ಬಳು ಬಿದ್ದಳು. ರಾಯಕೋಟೆಯ ಗುಡ್ಡ ಮಂಜಿನೊಳಗಿಂದ ತಲೆ ತೋರಿಸಿದಾಗ ಅವಳ ಮುಂದೆ ಮೂವರೇ ಇದ್ದರು. ಆಗ ಏನಾಯಿತೋ, ಸೀಟಿನಿಂದ ಎದ್ದು ನಿಂತು ತುಳಿದಳು. ಗಾಳಿ ಕಿವಿಯಲ್ಲಿ ಊಳಿಟ್ಟಿತು. ಗೆರೆ ಇನ್ನು ನೂರು ಮಾರು ಇದೆ ಎನ್ನುವಾಗ ಪೊಲೀಸಿನವಳನ್ನು ಹಿಂದೆ ಹಾಕಿ ಮೂರನೆಯವಳಾಗಿ ದಾಟಿದಳು.

ಕಾಲೂರಿ ನಿಂತ ಮೇಲೆ ಗೊತ್ತಾಯಿತು, ಕೊನೆಯ ಎರಡು ಮೈಲಿ ಅವಳು ಸಾಕಮ್ಮನನ್ನು ಮರೆತಿದ್ದಳು. ಶ್ರೀವಿದ್ಯಾಳನ್ನೂ ಮರೆತಿದ್ದಳು. ಮಾಡಿದ್ದೆಲ್ಲಕ್ಕಿಂತ ಆ ಮರೆವೇ ಅವಳಿಗೆ ದೊಡ್ಡ ತಪ್ಪಾಗಿ ಕಂಡಿತು. ಟೀಚರು ಅಪ್ಪಿಕೊಂಡು ಕುಣಿದರು. ಕೊರಳಿಗೆ ಪದಕ ಹಾಕಿಸಿಕೊಳ್ಳುವಾಗ ಅವಳು ಅತ್ತದ್ದನ್ನು ನೋಡಿದವರು ಖುಷಿಗೆ ಅಳುತ್ತಾಳೆ ಎಂದುಕೊಂಡರು.

ಮನೆಗೆ ಬಂದಾಗ ಮಧ್ಯಾಹ್ನ. ಭೈರೇಶ ಚಾಪೆಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ. ಶ್ರೀವಿದ್ಯಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಿಗೆ ಬಂದಳು.

“ಏನಮ್ಮಾ ನಿನ್ ಕಂಪನಿಯೋರು! ಕೊನೇ ವಾರಾನೇ ಕರೀಬೇಕಿತ್ತಾ? ಅಜ್ಜಿ ಆಟೋ ಹತ್ತು ಅಂದ್ರೆ ಕೇಳ್ಲೇ ಇಲ್ಲ ಕಣಮ್ಮಾ. ಒಂದೊಂದು ಮೆಟ್ಲಿಗೂ ಕೂತ್ಕೊಂಡು ಕೂತ್ಕೊಂಡು ಹತ್ತಿದ್ರು. ನಿನ್ನ ಪಾಲಿಂದೂ ಸೇರ್ಸಿ ಎರಡು ಸಲ ಹತ್ತಿ ಇಳಿದ್ರು. ಅಪ್ಪ ಬೈದ್ರೂ ಕೇಳ್ಲಿಲ್ಲ.”

ಒಳಕೋಣೆಯಲ್ಲಿ ಸಾಕಮ್ಮ ಗೋಡೆಗೆ ಒರಗಿ ಕಾಲು ನೀಡಿ ಕೂತಿದ್ದರು. ಎರಡೂ ಮಂಡಿ ಕುಂಬಳಕಾಯಿಯ ಹಾಗೆ ಊದಿದ್ದವು. ಕೋಮಲಾ ಚೀಲವನ್ನು ಮೂಲೆಗಿಟ್ಟು, ಹರಳೆಣ್ಣೆ ಬಿಸಿ ಮಾಡಿ ತಂದು, ಕೆಳಗೆ ಕೂತು ಒಂದು ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು. ಸಾಕಮ್ಮ ಬೇಡವೆನ್ನಲಿಲ್ಲ. ಎಣ್ಣೆ ಹಾಕಿ ಮೆಲ್ಲಗೆ ನೀವುತ್ತಿದ್ದಳು. ಹೊರಗೆ ಶ್ರೀವಿದ್ಯಾ ಗಂಡನ ಜೊತೆ ಫೋನಿನಲ್ಲಿ ಅಭಿಷೇಕದ ವಿವರ ಹೇಳುತ್ತಿದ್ದಳು.

“ಎಷ್ಟ್ನೇದು ಬಂದೆ?” ಎಂದು ಸಾಕಮ್ಮ ಹೊರಗೆ ಕೇಳಿಸದ ಹಾಗೆ ಕೇಳಿದರು.

“ಮೂರನೇದು.”

ಸಾಕಮ್ಮ ಅವಳ ಮುಖವನ್ನೇ ನೋಡಿದರು. ಇಪ್ಪತ್ತಾರು ವರ್ಷದಲ್ಲಿ ಸೊಸೆಯ ಮುಖವನ್ನು ಅವರು ಹಾಗೆ ನೋಡಿದವರಲ್ಲ.

“ಸುಳ್ಳಲ್ಲ ತಾನೆ?”

ಪದಕ ಮೂಲೆಯ ಚೀಲದಲ್ಲೇ ಇತ್ತು. ಎದ್ದು ತಂದು ತೋರಿಸಲು ಎರಡು ಹೆಜ್ಜೆ. ಕೋಮಲಾ ಏಳಲಿಲ್ಲ.

“ಸುಳ್ಳಲ್ಲ ಅತ್ತೆ,” ಅಂದಳು.

ಸಾಕಮ್ಮ ಇನ್ನೊಂದು ಕಾಲನ್ನೂ ಅವಳ ಕಡೆಗೆ ಚಾಚಿದರು.